ಮಳೆಗಾಲಕ್ಕೊಂದು ಹಳೇ ಜಿಪ್ಸಿ: ಕೊಳ್ಳುವುದಾದರೆ ಎಲ್ಲಿ, ಯಾರಿಗಾಗಿ?

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಡೊಂಬಿವಲಿ, ಕಲ್ಯಾಣದ ನಮ್ಮವರಲ್ಲಿ ಒಂದು ಮಾತು ಪ್ರತಿವರ್ಷ ಎದ್ದೇ ಏಳುತ್ತದೆ: "ಅಗ್ಗಕ್ಕೆ ಸಿಗುವ ಹಳೇ ಫೋರ್ ವೀಲ್ ಡ್ರೈವ್ ಒಂದು ತಗೊಂಡರೆ ಹೇಗೆ ಮಾರಾಯ್ರೆ?" ಚಳಿದೇಶದಲ್ಲಿರುವ ಬಂಧುಗಳು ಹಿಮಕ್ಕೆಂದು ಅಂಥ ಸಣ್ಣ ಗಾಡಿ ಇಟ್ಟುಕೊಳ್ಳುತ್ತಾರೆ. ನಮಗೆ ಹಿಮವಿಲ್ಲ. ಇಲ್ಲಿ ಕಲ್ಯಾಣ್-ಶಿಲ್ ರಸ್ತೆಯ ಹೊಂಡಗಳಿವೆ, ಊರಲ್ಲಿ ಮೊಣಕಾಲುದ್ದ ಕೆಸರಿದೆ.

ಸಣ್ಣದಾಗಿರಬೇಕು, ಅಗ್ಗವಾಗಿರಬೇಕು, ನಾಲ್ಕೂ ಚಕ್ರ ಎಳೆಯಬೇಕು ಎಂದರೆ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಮಾರುತಿ ಜಿಪ್ಸಿಯೊಂದೇ ಉಳಿಯುತ್ತದೆ. 1985ರಲ್ಲಿ ಬಂದಾಗ ಅದಕ್ಕೆ 970 ಸಿಸಿ ಇಂಜಿನ್ ಇತ್ತು. 1996ರಲ್ಲಿ 1.3 ಲೀಟರಿನ 'ಜಿಪ್ಸಿ ಕಿಂಗ್' ಬಂತು. 2000ದ ಹೊತ್ತಿಗೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂದು, ಶಕ್ತಿ 80 ಅಶ್ವಶಕ್ತಿಗೆ ಏರಿತು. 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರಾಟ ನಿಂತಿತು. ಅದರ ವಾರಸುದಾರ ಜಿಮ್ನಿ 2023ರ ಜೂನ್‌ನಲ್ಲಿ ಬಂದಾಗ ಶೋರೂಮಿನ ಆರಂಭದ ಬೆಲೆಯೇ 12.74 ಲಕ್ಷ. ಹಾಗಾಗಿ ಜನ ಮತ್ತೆ ಹಳೇ ಜಿಪ್ಸಿಯನ್ನೇ ಹುಡುಕುತ್ತಾರೆ.

ಕೊಳ್ಳುವ ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಥಾಣೆ, ನವಿ ಮುಂಬಯಿಯ ಮಳೆಗೆ ಫೋರ್ ವೀಲ್ ಡ್ರೈವ್ ಬೇಕೇ? ನನ್ನ ಪ್ರಕಾರ ಬೇಡವೇ ಬೇಡ. ನಾಲ್ಕು ಚಕ್ರದ ಎಳೆತ ಗಾಡಿಯನ್ನು ಕೆಸರಿನಿಂದ ಹೊರಡಿಸುತ್ತದೆ. ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲಿಸುವುದಿಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇದೆ, ಅಲ್ಲಿ ಲೆಕ್ಕಕ್ಕೆ ಬರುವುದು ಟಯರು. ಟಯರಿನ ಪಕ್ಕೆಯ ಮೇಲೆ ನಾಲ್ಕಂಕಿಯ ಗುರುತು ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ನಿಮ್ಮ ಈಗಿನ ಕಾರಿನಲ್ಲಿ ಅಂಥ ಹಳತು ಇದ್ದರೆ ಮೊದಲು ಅದನ್ನು ಬದಲಿಸಿ. ಮಳೆಗಾಲದ ಅರ್ಧ ಚಿಂತೆ ಅಲ್ಲಿಗೇ ಕಳೆಯುತ್ತದೆ.

ನಿಂತ ನೀರಿನ ಕತೆಯೂ ಅಷ್ಟೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದ ಮಳೆ, 2019ರ ಜುಲೈ 27ರಂದು ಬದ್ಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನೇ ಸುತ್ತುವರಿದ ಉಲ್ಹಾಸ್ ನದಿಯ ನೆರೆ, ಇವುಗಳ ಮುಂದೆ ಯಾವ ಗೇರೂ ನಡೆಯುವುದಿಲ್ಲ. ಇಂಜಿನ್ ಗಾಳಿ ಎಳೆಯುವ ಬಾಯಿಗೆ ನೀರು ಹೊಕ್ಕರೆ ಜಿಪ್ಸಿಯೂ ಕೆಡುತ್ತದೆ, ಆಲ್ಟೊವೂ ಕೆಡುತ್ತದೆ. ಜಿಪ್ಸಿಯ ಹೊಟ್ಟೆ ನೆಲದಿಂದ 210 ಮಿಲಿಮೀಟರ್ ಎತ್ತರದಲ್ಲಿರುವುದರಿಂದ ಹೊಂಡಕ್ಕೆ ಅನುಕೂಲ, ನಿಜ. ಆದರೆ ಬೆನ್ನಿಗೆ? ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಹಿಂದೆ ಎದುರುಬದುರು ಕೂರುವ ಅಡ್ಡ ಸೀಟು. ಐರೋಲಿಯ ಆಫೀಸಿಗೆ ಒಂದು ವಾರ ಅದರಲ್ಲಿ ಹೋಗಿಬಂದವರು ಎಂಟನೇ ದಿನ ಲೋಕಲ್ ಹಿಡಿಯುತ್ತಾರೆ.

ಈ ಗಾಡಿ ನಿಜಕ್ಕೂ ಬೇಕಾಗುವುದು ಊರಿನ ಕೊನೆಯ ಮೂರು ಕಿಲೋಮೀಟರಿಗೆ. ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಡಾಂಬರು ಮುಗಿದು ಮಣ್ಣಿನ ಇಳಿಜಾರು, ಕೆಳಗೆ ಹಳ್ಳ, ಆಚೆ ತೋಟ, ತೋಟದ ತಲೆಗೆ ಮನೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ. ಆಷಾಢದ ರಾತ್ರಿ ಒಬ್ಬರಿಗೆ ಉಸಿರು ಕಟ್ಟಿತೆಂದರೆ ಆಟೊದವನು ಮೇಲಿನ ರಸ್ತೆಯಲ್ಲೇ ನಿಂತು, "ಇಲ್ಲೀವರೆಗೆ ಕರ್ಕೊಂಡು ಬನ್ನಿ" ಅನ್ನುತ್ತಾನೆ. ಅವನದೂ ತಪ್ಪಲ್ಲ. ಅಂಥ ಏರಿನಲ್ಲಿ ಸುಮಾರು ಒಂದು ಟನ್ ತೂಕದ ಜಿಪ್ಸಿ, ಲೋ ರೇಂಜ್ ಗೇರಿನಲ್ಲಿ, ಇರುವೆಯಂತೆ ಹತ್ತುತ್ತದೆ. ಬಂಡೀಪುರ, ನಾಗರಹೊಳೆಯ ಕಾಡುದಾರಿಗಳಲ್ಲಿ ಅದು ಓಡಾಡಿದ್ದು ಸುಮ್ಮನೆ ಅಲ್ಲ.

ಹಾಗಿದ್ದ ಮೇಲೆ ಅದು ಡೊಂಬಿವಲಿಯ ಸೊಸೈಟಿ ಪಾರ್ಕಿಂಗಿನಲ್ಲಿ ನಿಂತು ಏನು ಮಾಡಬೇಕು? ನನ್ನ ವಾದ ಇಷ್ಟೇ: ಕೊಳ್ಳುವುದಾದರೆ ಊರಲ್ಲೇ ಕೊಳ್ಳಿ, ಊರಲ್ಲೇ ಬಿಡಿ. ಕಾಗದಪತ್ರದ ಲೆಕ್ಕವೂ ಇದನ್ನೇ ಹೇಳುತ್ತದೆ. ಎಂಎಚ್-05 ನಂಬರಿನ ಗಾಡಿಯನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಲ್ಲಿನ ನಂಬರು ಮಾಡಿಸಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಲ್ಲಿ ತೆರಿಗೆ, ಎರಡು ಕಡೆ ಓಡಾಟ, ಇಲ್ಲದ ರಜೆ. ಶಿರಸಿಯ ಕೆಎ-31, ಸಾಗರದ ಕೆಎ-15 ನಂಬರಿನದೇ ಸಿಕ್ಕರೆ ಹೆಸರು ಬದಲಾವಣೆಯಲ್ಲೇ ಕೆಲಸ ಮುಗಿಯುತ್ತದೆ.

ಕಾಗದದಲ್ಲಿ ಮೊದಲು ಆರ್‌ಸಿಯ ಅವಧಿ ನೋಡಿ. ಖಾಸಗಿ ಕಾರಿಗೆ 15 ವರ್ಷ, ಆಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಮಾಡಿದರು. ಅವಧಿ ಮುಗಿದದ್ದನ್ನು "ನೀವೇ ಮಾಡಿಸ್ಕೊಳ್ಳಿ, ಸುಲಭ" ಎಂದು ಮಾರುವವರಿಗೆ, ನೀವೇ ಮಾಡಿಸಿಕೊಡಿ ಎನ್ನಿ. ದೆಹಲಿಯ ಗಾಡಿಗಳು ಅಗ್ಗವಾಗಿ ಕಾಣುತ್ತವೆ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ಬಂದ ನಿರ್ಬಂಧವೇ ಅದಕ್ಕೆ ಕಾರಣ. ಸೇನೆ ಹರಾಜು ಹಾಕಿದ ಜಿಪ್ಸಿಗಳೂ ಬರುತ್ತವೆ. ನಾಗರಿಕ ನಂಬರು ಬಿದ್ದು ಆರ್‌ಸಿ ಕೈಗೆ ಬರುವ ತನಕ ಅದಕ್ಕೆ ಮುಂಗಡ ಕೊಡಬೇಡಿ. ಫ್ರೇಮಿನ ಮೇಲೆ ಕೊರೆದ ಚಾಸಿಸ್ ನಂಬರು ತುಕ್ಕಿನಿಂದ ಓದಲಾಗದಿದ್ದರೆ, ಗಾಡಿ ಎಷ್ಟೇ ಚಂದವಿದ್ದರೂ ಬಿಟ್ಟುಬಿಡಿ.

ಗಾಡಿಯಲ್ಲಿ ಬಣ್ಣ ನೋಡಬೇಡಿ, ಕೆಳಗೆ ಮಲಗಿ ನೋಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಸನ್ನು ತಟ್ಟುತ್ತ ಹೋಗಿ. ಟಣ್ ಅನ್ನಬೇಕು, ಬೊದ್ದು ಸದ್ದು ಬಂದರೆ ಒಳಗೆ ತುಕ್ಕು ತಿಂದಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದ್ದದ್ದಾದರೆ ಎರಡು ಸಲ ತಟ್ಟಿ. ಮುಂದಿನ ಚಕ್ರಗಳ ಒಳಬದಿಯಲ್ಲಿ ಎಣ್ಣೆ ಒಸರಿದೆಯೇ, ಅರವತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆಯೇ ನೋಡಿ. ಆಮೇಲೆ ಸಡಿಲ ಮಣ್ಣಿಗೆ ಇಳಿಸಿ 4ಎಚ್, 4ಎಲ್ ಎರಡನ್ನೂ ಹಾಕಿಸಿ. ಏರಿನಲ್ಲಿ ಗೇರು ತಾನಾಗಿ ಹೊರಬಿದ್ದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕಾದೀತು, ಬೆಲೆಯಲ್ಲಿ ಅದನ್ನು ಕಳೆಯಿರಿ. ಒಣ ಡಾಂಬರಿನಲ್ಲಿ ಮಾತ್ರ 4ಎಚ್ ಹಾಕಿ ಓಡಿಸಬೇಡಿ. ಮುಂದಿನ, ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ದೂರ ಉರುಳುತ್ತವೆ. ನಡುವೆ ಅದನ್ನು ಸರಿದೂಗಿಸುವ ಡಿಫರೆನ್ಷಿಯಲ್ ಜಿಪ್ಸಿಯಲ್ಲಿ ಇಲ್ಲ, ಹಲ್ಲುಗಳು ಬಿಗಿದು ಮುರಿಯುತ್ತವೆ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲು, ಅದಕ್ಕೆ ಹಳೇ ರಬ್ಬರ್ ಪೈಪುಗಳು ತಡೆಯುವುದಿಲ್ಲ. ಅವನ್ನು ಮೊದಲ ದಿನವೇ ಬದಲಿಸುವುದು ಒಳ್ಳೆಯದು.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ: ಅದನ್ನು ಓಡಿಸುವವರು ಯಾರು? ಅಪ್ಪನಿಗೆ ಎಪ್ಪತ್ತೈದು, ನೀವು ಏಳುನೂರು ಕಿಲೋಮೀಟರ್ ಆಚೆ. ಪಕ್ಕದ ಮನೆಯ ಹುಡುಗನೋ ಚಿಕ್ಕಪ್ಪನ ಮಗನೋ ಲೈಸೆನ್ಸ್ ಇರುವವನೊಬ್ಬ ಬೇಕು. ಅವನಿಗೆ ಲೋ ಗೇರು ಹಾಕಲು ಹಗಲಲ್ಲೇ, ಆ ಇಳಿಜಾರಿನಲ್ಲೇ, ನಾಲ್ಕು ಸಲ ಅಭ್ಯಾಸವಾಗಿರಬೇಕು. ವಿಮೆ ಚಾಲ್ತಿಯಲ್ಲಿರಲಿ. ವಾರಕ್ಕೊಮ್ಮೆ ಪೇಟೆಗೆ, ಸೊಸೈಟಿಗೆ ಅಡಿಕೆ ಹಾಕಲು ಅದನ್ನೇ ಒಯ್ಯಲಿ, ಬ್ಯಾಟರಿ ಸಾಯುವುದಿಲ್ಲ. ಪೆಟ್ರೋಲಿನ ದುಡ್ಡು ನೀವು ಕಳಿಸಿ. ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ಹೆಚ್ಚು.

ನಿಮಗೆ ಚೌತಿಗೆ ಹೋಗಲು ಥಾಣೆಯಿಂದ ಮತ್ಸ್ಯಗಂಧಾ ಇದೆ. ಕುಮಟೆಯಲ್ಲಿ ಇಳಿದರೆ ಆ ಹುಡುಗನೇ ಜಿಪ್ಸಿ ತಂದು ನಿಲ್ಲಿಸಿರುತ್ತಾನೆ. ಹಿಂದಿನ ಅಡ್ಡ ಸೀಟಿನಲ್ಲಿ ಮಕ್ಕಳು ಕೂರಲಿ, ಅವರಿಗೆ ಅದೇ ಖುಷಿ.