ಹೊಸ ಆಟವೂ ಆಟಗಾರರ ಪರೀಕ್ಷೆಯೂ: ಚೌಕಾಬಾರದ ದೃಷ್ಟಾಂತದೊಡನೆ ಒಂದು ವಿವೇಚನೆ

ಆಟವೊಂದನ್ನು ರಚಿಸಿದವನೇ ಅದರ ಗುಣದೋಷಗಳನ್ನು ಪೂರ್ಣವಾಗಿ ಅರಿಯಲಾರನು. ನಿಯಮಗಳೆಲ್ಲ ಅವನಿಗೆ ಮೊದಲೇ ತಿಳಿದಿರುತ್ತವೆ. ಎಲ್ಲಿ ಒತ್ತಬೇಕು, ಯಾವಾಗ ಕಾಯಬೇಕು ಎಂಬುದು ಅವನ ಕೈಗೆ ರೂಢಿಯಾಗಿರುತ್ತದೆ. ಹೊಸಬನೊಬ್ಬನು ಅದೇ ಆಟದ ಮುಂದೆ ಕುಳಿತಾಗ ಎಲ್ಲಿ ಎಡವುತ್ತಾನೆ, ಎಲ್ಲಿ ಬೇಸರಗೊಳ್ಳುತ್ತಾನೆ ಎಂಬುದು ರಚಿಸಿದವನ ಊಹೆಗೆ ನಿಲುಕುವುದು ಅಪರೂಪ. ಆದಕಾರಣ ಮೊಬೈಲ್ ಫೋನಿನ ಆಟಗಳನ್ನು ತಯಾರಿಸುವವರು ಹೊಸ ಆಟವನ್ನಾಗಲಿ, ಹಳೆಯ ಆಟಕ್ಕೆ ಸೇರಿಸುವ ಹೊಸ ಹಂತವನ್ನಾಗಲಿ ಎಲ್ಲರ ಕೈಗೂ ಕೊಡುವ ಮುನ್ನ ಕೆಲವರಿಗೆ ಕೊಟ್ಟು ಆಡಿಸಿ ನೋಡುತ್ತಾರೆ. ತಯಾರಕರು ತಮ್ಮೊಳಗೇ ನಡೆಸುವ ಪರೀಕ್ಷೆಗೆ ಆಲ್ಫಾ ಎಂದೂ ಹೊರಗಿನ ಆಟಗಾರರಿಂದ ನಡೆಸುವುದಕ್ಕೆ ಬೀಟಾ ಎಂದೂ ಹೆಸರು. ಈ ಎರಡನೆಯ ಪರೀಕ್ಷೆಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ, ಅದಕ್ಕೆ ಎಂಥವರನ್ನು ಆರಿಸಬೇಕು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಹೆಸರು ಹೊಸದಾದರೂ ಸಂಗತಿ ಹೊಸದಲ್ಲ. ಹಂಪೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಗೀಚಿದ ಆಟದ ಮನೆಗಳನ್ನು ನೋಡಿದವರು ಬಹುಮಂದಿ. ಅವುಗಳನ್ನು ರಚಿಸಿದವರ ಹೆಸರು ಯಾರಿಗೂ ತಿಳಿಯದು. ತಲೆತಲಾಂತರದ ಆಟಗಾರರೇ ಅವುಗಳ ಪರೀಕ್ಷಕರು, ತಿದ್ದುಗಾರರು. ಹುಲಿ-ಕುರಿ ಆಟದಲ್ಲಿ ಹುಲಿಗಳೆಷ್ಟು, ಕುರಿಗಳೆಷ್ಟು ಎಂಬ ಲೆಕ್ಕ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಎಲ್ಲೆಡೆಯೂ ಎರಡು ಪಕ್ಷಗಳಿಗೆ ಗೆಲ್ಲುವ ಅವಕಾಶ ಬಹುಮಟ್ಟಿಗೆ ಸಮನಾಗುವಂತೆ ಆ ಲೆಕ್ಕ ಕುದುರಿಕೊಂಡಿರಬೇಕೆಂದು ತೋರುತ್ತದೆ. ಇದು ಬರಿಯ ಊಹೆಯಲ್ಲವೆನ್ನಲು ಒಂದು ಆಧಾರವುಂಟು. ಇದೇ ಜಾತಿಗೆ ಸೇರಿದ ನೇಪಾಳದ ಬಾಘ್‌ಚಾಲ್ ಆಟದಲ್ಲಿ 25 ಬಿಂದುಗಳ ಮೇಲೆ 4 ಹುಲಿಗಳೂ 20 ಆಡುಗಳೂ ಇರುತ್ತವೆ. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಈ ಆಟವನ್ನು ಗಣಕದಿಂದ ಶೋಧಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲವೆಂದು ತೋರಿಸಿದ್ದಾರೆ. ಗಣಿತವಿಲ್ಲದೆ, ಗಣಕವಿಲ್ಲದೆ ಆ ಸಮತೋಲಕ್ಕೆ ಬಂದು ಮುಟ್ಟಿದವರು ಸಾಮಾನ್ಯ ಆಟಗಾರರು!

ಇದಕ್ಕೆ ಇದಿರಾಗಿ ನಮ್ಮ ಇತಿಹಾಸದಲ್ಲಿಯೇ ಮತ್ತೊಂದು ನಿದರ್ಶನವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಆಟಗಳ ವಿಷಯದಲ್ಲಿ ಅಸಾಧಾರಣ ಆಸಕ್ತಿಯಿದ್ದ ದೊರೆ. ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗವು ಆಟಗಳಿಗೇ ಮೀಸಲು. ಅವರು ಕಲ್ಪಿಸಿದ ಗಂಜೀಫಾ ಆಟಗಳಲ್ಲಿ 360 ಎಲೆಗಳ ಕಟ್ಟೂ ಉಂಟು. ಬುದ್ಧಿಕೌಶಲದಲ್ಲಿ ಅವು ಯಾವುದಕ್ಕೂ ಕಡಿಮೆಯಲ್ಲ. ಆದರೂ ಚೌಕಾಬಾರ ಜಗಲಿ ಜಗಲಿಗೂ ಹರಡಿದಂತೆ ಅವು ಹರಡಲಿಲ್ಲ. ಕಾರಣಗಳು ಹಲವಿರಬಹುದು. ಅರಮನೆಯ ಆಚೆಗಿನ ಕೈಗಳಲ್ಲಿ ಅವು ಸವೆದು ಹಗುರವಾಗುವ ಅವಕಾಶ ಒದಗಲಿಲ್ಲವೆಂಬುದು ಅವುಗಳಲ್ಲೊಂದೆಂದು ನನ್ನ ಅಭಿಪ್ರಾಯ.

ಜಗಲಿಯಲ್ಲಿ ತಲೆಮಾರುಗಳು ಹಿಡಿದ ಕೆಲಸವನ್ನು ಈಗ ಕೆಲವು ವಾರಗಳಲ್ಲಿ ಮುಗಿಸಬೇಕಾಗಿದೆ. ಗೂಗಲ್ ಪ್ಲೇ ಎಂಬ ಮಳಿಗೆಯಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳಿವೆ. 100 ಮಂದಿಯವರೆಗಿನ ಒಳ ಪರೀಕ್ಷೆ ಮೊದಲನೆಯದು. ಆಹ್ವಾನಿತರಿಗೆ ಮಾತ್ರ ತೆರೆದಿರುವ ಮುಚ್ಚಿದ ಪರೀಕ್ಷೆ ಎರಡನೆಯದು. ಬಯಸಿದವರೆಲ್ಲ ಸೇರಬಹುದಾದ ತೆರೆದ ಪರೀಕ್ಷೆ ಮೂರನೆಯದು. ಆಪಲ್ ಸಂಸ್ಥೆಯ ಟೆಸ್ಟ್‌ಫ್ಲೈಟ್ ವ್ಯವಸ್ಥೆಯಲ್ಲಿ ಹೊರಗಿನ ಪರೀಕ್ಷಕರು 10,000ದವರೆಗೆ ಇರಬಹುದು; ಒಂದೊಂದು ಪ್ರತಿಯೂ 90 ದಿನಗಳಿಗೆ ಕಾಲಾವಧಿ ಮುಗಿದು ನಿಂತುಹೋಗುತ್ತದೆ. ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ನಿಯಮವೊಂದಿದೆ. 2023ರ ನವೆಂಬರ್ ತಿಂಗಳಿಂದೀಚೆಗೆ ಗೂಗಲ್ ಪ್ಲೇಯಲ್ಲಿ ವೈಯಕ್ತಿಕ ಖಾತೆ ತೆರೆದವರು ತಮ್ಮ ಕೃತಿಯನ್ನು ಪ್ರಕಟಿಸುವ ಮುನ್ನ ಮುಚ್ಚಿದ ಪರೀಕ್ಷೆಯನ್ನು ನಡೆಸಿಯೇ ತೀರಬೇಕು. ಮೊದಲು 20 ಪರೀಕ್ಷಕರು ಬೇಕೆಂದಿದ್ದುದನ್ನು 2024ರ ಡಿಸೆಂಬರಿನಲ್ಲಿ 12ಕ್ಕೆ ಇಳಿಸಲಾಯಿತು. ಅವರು ಎಡೆಬಿಡದೆ 14 ದಿನ ಪರೀಕ್ಷೆಯಲ್ಲಿ ಸೇರಿಕೊಂಡಿರಬೇಕು. ದೊಡ್ಡ ಸಂಸ್ಥೆಗಳಿಗೆ ಆಯ್ಕೆಯಾಗಿದ್ದುದು ಹೀಗೆ ಒಂಟಿಯಾಗಿ ಕೆಲಸ ಮಾಡುವವನಿಗೆ ಕಡ್ಡಾಯವಾಗಿದೆ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ಕಾಲೇಜು ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳು ಚೌಕಾಬಾರವನ್ನು ಮೊಬೈಲಿಗೆ ಅಳವಡಿಸಿದರೆನ್ನಿ. ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಹೊರಸುತ್ತು ಮುಗಿಸಿ ಒಳಸುತ್ತಿಗೆ ಇಳಿದು ನಡುಮನೆಯಲ್ಲಿ ಹಣ್ಣಾಗುವ ಕಾಯಿಗಳು. ಎಲ್ಲರೂ ಬಲ್ಲ ಆಟವಾದ್ದರಿಂದ ಪರೀಕ್ಷೆಯ ಅಗತ್ಯವೇ ಇಲ್ಲವೆಂದು ಅವರಿಗೆ ತೋರಬಹುದು. ಆದರೆ ತೊಡಕು ಮೊದಲ ಸಂಜೆಯೇ ಕಾಣಿಸಿಕೊಳ್ಳುತ್ತದೆ. ಎದುರಾಳಿಯ ಕಾಯನ್ನು ಒಮ್ಮೆಯಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ, ಕೂಡದೇ? ಈ ವಿಷಯದಲ್ಲಿ ಮನೆಗೊಂದು ಪದ್ಧತಿ. ಅರಕಲಗೂಡಿನಿಂದ ಬಂದ ಪರೀಕ್ಷಕಿಯೂ ಚನ್ನರಾಯಪಟ್ಟಣದ ಪರೀಕ್ಷಕನೂ ತಂತಮ್ಮ ಅಜ್ಜಿ ಕಲಿಸಿದ್ದೇ ನಿಜವಾದ ಆಟವೆಂದು ವಾದಿಸಿದರೆ ಆಶ್ಚರ್ಯವಿಲ್ಲ. ರಚಿಸಿದವರಿಬ್ಬರೂ ಒಂದೇ ಬೀದಿಯವರಾಗಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಕವಡೆಯ ಪ್ರಶ್ನೆ ಇದಕ್ಕಿಂತ ಸ್ವಾರಸ್ಯವಾದದ್ದು. ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಿದರೆ ಗರ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ಒಂದೂ ಮೇಲಾಗದಿದ್ದರೆ ಬಾರ, ಅಂದರೆ ಎಂಟು. ಈ ಎರಡು ಗರಗಳಿಗೆ ಇನ್ನೊಂದು ಸಲ ಕವಡೆ ಬಿಡುವ ಹಕ್ಕುಂಟು. ಗಣಕಕ್ಕೆ ಕ್ರಮವಿಧಿ ಬರೆಯುವವನು ಕವಡೆಯನ್ನು ನಾಣ್ಯದಂತೆ ಭಾವಿಸಿ, ಬಾಯಿ ಮೇಲಾಗುವ ಸಂಭವವನ್ನು ಸರಿಯರ್ಧವೆಂದು ಇಡುತ್ತಾನೆ. ಆಗ ಚೌಕವೂ ಬಾರವೂ ತಲಾ ಹದಿನಾರರಲ್ಲೊಂದು ಸಲ ಬೀಳುತ್ತವೆ. ನೂರು ಸಲಕ್ಕೆ ಸುಮಾರು ಆರು ಚೌಕ, ಆರು ಬಾರ. ಆದರೆ ಕವಡೆಯ ಎರಡು ಮೈಗಳು ಸಮವಲ್ಲ. ಒಂದು ಉಬ್ಬು, ಇನ್ನೊಂದು ಚಪ್ಪಟೆ. ಯಾವುದೋ ಒಂದು ಜೊತೆ ಕವಡೆ ಹತ್ತಕ್ಕೆ ನಾಲ್ಕು ಸಲ ಮಾತ್ರ ಬಾಯಿ ಮೇಲಾಗಿ ಬೀಳುವುದೆಂದು ಇಟ್ಟುಕೊಳ್ಳೋಣ. ಆಗ ನೂರು ಸಲಕ್ಕೆ ಬಾರ ಹದಿಮೂರು ಸಲ ಬಿದ್ದರೆ ಚೌಕ ಎರಡು ಮೂರು ಸಲವಷ್ಟೆ ಬೀಳುತ್ತದೆ. ಆಟದ ನಡೆಯೇ ಬೇರೆಯಾಯಿತು! ಕವಡೆಗೆ ಬದಲಾಗಿ ಒಂದು ಮೈ ಉಜ್ಜಿದ ಹುಣಸೆಬೀಜ ಹಿಡಿದು ಬೆಳೆದವರ ಕೈಗೆ ಮತ್ತೊಂದು ನಡೆ ರೂಢಿಯಾಗಿರುತ್ತದೆ. ಹತ್ತಾರು ವರ್ಷ ಆಡಿದ ಹಿರಿಯರೊಬ್ಬರು ಫೋನನ್ನು ಕೆಳಗಿಟ್ಟು "ಇದು ನಮ್ಮ ಚೌಕಾಬಾರದ ಹಾಗಿಲ್ಲ" ಎಂದರೆ, ಅದನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಸಂಭವಗಣಿತದ ಒಂದು ಸತ್ಯವನ್ನೇ ಅವರು ತಮ್ಮ ಮಾತಿನಲ್ಲಿ ಹೇಳುತ್ತಿರಬಹುದು.

ಅದೇ ವೇಳೆಗೆ, ಆಟಗಾರನ ಅನಿಸಿಕೆ ಯಾವಾಗಲೂ ಗಣಿತದೊಡನೆ ಹೊಂದುವುದಿಲ್ಲವೆಂಬುದನ್ನೂ ಮರೆಯಬಾರದು. ಸಿವಿಲೈಜೇಷನ್ ಆಟದ ಕರ್ತೃವಾದ ಸಿಡ್ ಮೈಯರ್ 2010ರಲ್ಲಿ ಆಟ ರಚಿಸುವವರ ಸಮ್ಮೇಳನವೊಂದರಲ್ಲಿ ತಮ್ಮ ಅನುಭವವನ್ನು ವಿವರಿಸಿದರು. ಗೆಲ್ಲುವ ಸಂಭವ ಮೂರಕ್ಕೊಂದರಂತೆ ತನ್ನ ಕಡೆಗಿದ್ದಾಗ ಸೋತ ಆಟಗಾರನು ತನಗೆ ಮೋಸವಾಯಿತೆಂದೇ ಭಾವಿಸುತ್ತಿದ್ದನು; ತನಗೆ ಪ್ರತಿಕೂಲವಾಗಿದ್ದಾಗ ಗೆದ್ದರೆ ಮಾತ್ರ ದೂರೇನೂ ಇರಲಿಲ್ಲ. ಕವಡೆ ಕೈಯಲ್ಲಿದ್ದಾಗ ಮೂರು ಸಲ ಎಂಟು ಬಿದ್ದರೆ ಅದೃಷ್ಟವೆನ್ನುತ್ತೇವೆ. ಫೋನಿನಲ್ಲಿ ಎದುರಾಳಿಗೆ ಬಿದ್ದರೆ ಯಂತ್ರದ ಕೈವಾಡವೆನ್ನುತ್ತೇವೆ. ಹಿರಿಯರ ದೂರು ಇವೆರಡರಲ್ಲಿ ಯಾವ ಬಗೆಯದು ಎಂದು ತಿಳಿಯಲು ಗರಗಳ ದಾಖಲೆಯನ್ನು ಎಣಿಸಿ ನೋಡಬೇಕೇ ಹೊರತು ಬೇರೆ ದಾರಿಯಿಲ್ಲ.

ಪರೀಕ್ಷೆಯನ್ನು ಕೆಡಿಸುವ ದೊಡ್ಡ ದೋಷವೊಂದು ನಮ್ಮಲ್ಲಿ ವಿಶೇಷವಾಗಿ ಉಂಟು. ಅದು ದಾಕ್ಷಿಣ್ಯ. ಗೆಳೆಯನು ಕಷ್ಟಪಟ್ಟು ಮಾಡಿದ ಆಟವನ್ನು ಮುಖದೆದುರಿಗೆ ಚೆನ್ನಾಗಿಲ್ಲವೆನ್ನಲು ಯಾರಿಗೆ ಮನಸ್ಸು ಬರುತ್ತದೆ? ಹನ್ನೆರಡು ಮಂದಿ ಬೇಕೆಂದಾಗ ವಿದ್ಯಾರ್ಥಿಗಳು ಕರೆಯುವುದು ಸಹಪಾಠಿಗಳನ್ನು, ಅಣ್ಣತಮ್ಮಂದಿರನ್ನು, ಸೋದರಮಾವನ ಮಕ್ಕಳನ್ನು. ಹನ್ನೆರಡೂ ಮಂದಿ "ಚೆನ್ನಾಗಿದೆ" ಎನ್ನುತ್ತಾರೆ. ಹದಿನಾಲ್ಕು ದಿನ ಕಳೆಯುತ್ತದೆ. ನಿಯಮ ಪಾಲನೆಯಾಯಿತು, ಪರೀಕ್ಷೆಯಾಗಲಿಲ್ಲ. ಹಣ ಕೊಟ್ಟರೆ ಹನ್ನೆರಡು ಹೆಸರುಗಳನ್ನು ಒದಗಿಸಿಕೊಡುವವರೂ ಇದ್ದಾರೆ. ಅವರಿಂದ ಅಷ್ಟು ಪ್ರಯೋಜನವೂ ಇಲ್ಲ. ಆದ್ದರಿಂದ ಅಭಿಪ್ರಾಯ ಕೇಳುವುದಕ್ಕಿಂತ ಆಡುವುದನ್ನು ನೋಡುವುದು ಲೇಸು. ಸಹಾಯ ಮಾಡದೆ, ಮಾತಾಡದೆ ಪಕ್ಕದಲ್ಲಿ ಕುಳಿತು, ಬೆರಳು ಎಲ್ಲಿ ತಡೆಯಿತು, ಯಾವ ಗುಂಡಿಯನ್ನು ಎರಡೆರಡು ಸಲ ಒತ್ತಲಾಯಿತು, ಎಷ್ಟನೆಯ ನಿಮಿಷದಲ್ಲಿ ಕಣ್ಣು ಬೇರೆಡೆಗೆ ಹೋಯಿತು ಎಂದು ಬರೆದುಕೊಳ್ಳಬೇಕು. ನಾಳೆ ಯಾರೂ ಹೇಳದೆಯೇ ಅವನು ಮತ್ತೆ ಆಟವನ್ನು ತೆರೆದನೇ? ಈ ಪ್ರಶ್ನೆಯ ಮುಂದೆ ದಾಕ್ಷಿಣ್ಯ ನಿಲ್ಲುವುದಿಲ್ಲ. ಕೇಳಲೇಬೇಕಾದಾಗ "ಹೇಗಿದೆ?" ಎನ್ನುವುದಕ್ಕಿಂತ "ಎಲ್ಲಿ ಗೊತ್ತಾಗಲಿಲ್ಲ?" ಎಂದು ಕೇಳಿದರೆ ಉತ್ತರ ಸಿಕ್ಕೀತು.

ಇನ್ನು ಸಂಖ್ಯೆಯ ವಿಚಾರ. ಹತ್ತು ಫೋನುಗಳಲ್ಲಿ ಒಂದರಲ್ಲಿ ಕಾಣಿಸುವ ದೋಷವೊಂದು ಆಟದಲ್ಲಿದೆಯೆನ್ನೋಣ. ಗೊತ್ತುಗುರಿಯಿಲ್ಲದೆ ಆರಿಸಿದ ಹನ್ನೆರಡು ಮಂದಿಯಲ್ಲಿ ಒಬ್ಬರಿಗಾದರೂ ಅದು ಎದುರಾಗುವ ಸಂಭವ ನೂರಕ್ಕೆ 72. ಅಂದರೆ ನೂರಕ್ಕೆ 28ರಷ್ಟು ಸಂದರ್ಭಗಳಲ್ಲಿ ಅದು ಯಾರ ಕಣ್ಣಿಗೂ ಬೀಳದೆ ಹೊರಟುಹೋಗುತ್ತದೆ. ನೂರರಲ್ಲೊಂದು ಫೋನಿನ ದೋಷವಾದರೆ ಕಂಡುಬರುವ ಸಂಭವ ನೂರಕ್ಕೆ 11 ಮಾತ್ರ. ಹನ್ನೆರಡು ಮಂದಿಯೂ ಒಂದೇ ತರಗತಿಯವರಾಗಿ ಒಂದೇ ಬಗೆಯ ಫೋನು ಹಿಡಿದವರಾದರೆ ಈ ಲೆಕ್ಕವೂ ನಡೆಯದು. ಕನ್ನಡದ ಅಕ್ಷರಗಳ ಗತಿಯನ್ನೇ ನೋಡಿ. ಇಂಗ್ಲಿಷಿನ ಸಾಲಿಗೆಂದು ಅಳತೆಮಾಡಿದ ಗುಂಡಿಯಲ್ಲಿ ಕನ್ನಡವಿಟ್ಟರೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುವುದುಂಟು. "ಪ್ರಾರಂಭಿಸಿ" ಎಂಬ ಪದ ಗುಂಡಿಯ ಅಂಚು ದಾಟಿಬಿಡುತ್ತದೆ. ದೊಡ್ಡ ತೆರೆಯ ಫೋನಿನಲ್ಲಿ ಕಾಣದ ಈ ದೋಷ, ಅಕ್ಷರ ದಪ್ಪವಾಗಿ ಕಾಣಲೆಂದು ಅಳತೆ ಹೆಚ್ಚಿಸಿಕೊಂಡಿರುವ ವೃದ್ಧರ ಸಣ್ಣ ಫೋನಿನಲ್ಲಿ ಕೂಡಲೆ ಕಾಣುತ್ತದೆ. ಹನ್ನೆರಡರಲ್ಲಿ ಒಬ್ಬರು ಅಂಥವರಿದ್ದರೆ ಅವರು ಹತ್ತು ಸಹಪಾಠಿಗಳಿಗೆ ಸಮ.

ಪರೀಕ್ಷಕರು ಎಲ್ಲಿಯವರೆಂಬುದು ಆಟದ ಒಡಲನ್ನೇ ನಿರ್ಧರಿಸಿದ ಪ್ರಸಂಗವೂ ಉಂಟು. ನಿಯಾಂಟಿಕ್ ಸಂಸ್ಥೆಯ ಪೋಕೆಮಾನ್ ಗೋ 2016ರ ಮಾರ್ಚಿನಲ್ಲಿ ಜಪಾನಿನಲ್ಲಿ ಆಟಗಾರರ ಪರೀಕ್ಷೆಗೆ ಒಳಪಟ್ಟು ಜುಲೈಯಲ್ಲಿ ಪ್ರಕಟವಾಯಿತು. ಆಟಗಾರರು ನಡೆದು ತಲುಪಬೇಕಾದ ಅದರ ಸ್ಥಳಗಳು ಬಹುಮಟ್ಟಿಗೆ ಅದೇ ಸಂಸ್ಥೆಯ ಇನ್‌ಗ್ರೆಸ್ ಎಂಬ ಹಿಂದಿನ ಆಟದ ಆಟಗಾರರು ಸೂಚಿಸಿದವು. ಆ ಆಟಗಾರರು ಹೆಚ್ಚಾಗಿದ್ದ ನಗರಗಳಲ್ಲಿ ಸ್ಥಳಗಳು ದಟ್ಟವಾದವು, ಹಳ್ಳಿಗಾಡಿನಲ್ಲಿ ವಿರಳವಾದವು. ಆ ವರ್ಷದ ಡಿಸೆಂಬರಿನಲ್ಲಿ ಜಿಯೋ ಸಂಸ್ಥೆಯ ಸಹಯೋಗದಿಂದ ಭಾರತಕ್ಕೆ ಬಂದಾಗ ರಿಲಯನ್ಸ್ ಡಿಜಿಟಲ್ ಅಂಗಡಿಗಳನ್ನೂ ಆಟದ ಸ್ಥಳಗಳನ್ನಾಗಿ ಮಾಡಲಾಯಿತು. ಒಂದೂರಿನಲ್ಲಿ ನದಿಯಿದ್ದರೇನು, ನರಸಿಂಹಸ್ವಾಮಿಯ ಗುಡಿಯಿದ್ದರೇನು, ಸೂಚಿಸುವ ಆಟಗಾರರು ಇಲ್ಲದಿದ್ದರೆ ಅಂಥ ಆಟದ ನಕ್ಷೆಯಲ್ಲಿ ಆ ಊರು ಬರಿದು.

ದೊಡ್ಡ ಸಂಸ್ಥೆಗಳು ಪರೀಕ್ಷೆಯ ಫಲವನ್ನು ಎಷ್ಟರಮಟ್ಟಿಗೆ ಗೌರವಿಸುತ್ತವೆ ಎಂಬುದಕ್ಕೆ ಫಿನ್ಲೆಂಡಿನ ಸೂಪರ್‌ಸೆಲ್ ಸಂಸ್ಥೆ ನಿದರ್ಶನ. ಅದರ ಬ್ರಾಲ್ ಸ್ಟಾರ್ಸ್ ಆಟವನ್ನು 2017ರ ಜೂನಿನಲ್ಲಿ ಮೊದಲು ಕೆನಡಾದಲ್ಲಿ ಮಾತ್ರ ಬಿಡಲಾಯಿತು; ಎಲ್ಲ ದೇಶಗಳಿಗೂ ತಲುಪಿದ್ದು 2018ರ ಡಿಸೆಂಬರಿನಲ್ಲಿ. ಈ ಒಂದೂವರೆ ವರ್ಷದ ನಡುವೆ ಫೋನನ್ನು ನೆಟ್ಟಗೆ ಹಿಡಿದು ಆಡುತ್ತಿದ್ದ ಆಟವನ್ನು ಅಡ್ಡಡ್ಡಲಾಗಿ ಹಿಡಿದು ಆಡುವಂತೆ ಮಾರ್ಪಡಿಸಲಾಯಿತು. ಅದೇ ಸಂಸ್ಥೆಯು ಸ್ಮ್ಯಾಶ್ ಲ್ಯಾಂಡ್ ಎಂಬ ಆಟವನ್ನು ಪರೀಕ್ಷಾ ಘಟ್ಟದಲ್ಲಿಯೇ, 2015ರಲ್ಲಿ, ಕೈಬಿಟ್ಟಿತು. ಬೆಂಗಳೂರಿನಲ್ಲಿ ಕಚೇರಿಯುಳ್ಳ ಕ್ರಾಫ್ಟನ್ ಇಂಡಿಯಾ ಸಂಸ್ಥೆಯು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಟವನ್ನು 2021ರ ಜೂನ್ 17ರಂದು ಮೊದಲು ಪರೀಕ್ಷೆಗಾಗಿ ತೆರೆದು ಜುಲೈ 2ರಂದು ಎಲ್ಲರಿಗೂ ಬಿಡುಗಡೆ ಮಾಡಿತು. ಹದಿನೈದು ದಿನದಲ್ಲಿ ಆಟದ ಒಡಲನ್ನು ಬದಲಿಸಲಾಗದು. ಇಂಥಲ್ಲಿ ಪರೀಕ್ಷೆಯಾಗುವುದು ಹೆಚ್ಚಾಗಿ ಯಂತ್ರಗಳ ತಾಳಿಕೆ. ಹೊಸ ಹಂತಗಳು ಮೇಲಿಂದ ಮೇಲೆ ಬರುವ ಆಟಗಳಲ್ಲಿ ಮತ್ತೊಂದು ಉಪಾಯವಿದೆ. ಕ್ಯಾಂಡಿ ಕ್ರಷ್ ತಯಾರಿಸುವ ಕಿಂಗ್ ಸಂಸ್ಥೆಯ ಸಂಶೋಧಕರು ಮನುಷ್ಯರ ಆಟದ ದಾಖಲೆಯಿಂದ ಕಲಿತ ಕೃತಕ ಆಟಗಾರನಿಂದ ಹೊಸ ಹಂತದ ಕಠಿನತೆಯನ್ನು ಅಳೆಯುವ ವಿಧಾನವನ್ನು 2018ರಲ್ಲಿ ಪ್ರಕಟಿಸಿದರು. ಅಂಥ ಆಟಗಾರನಿಗೆ ಕಠಿನವಾದದ್ದು ತಿಳಿಯುತ್ತದೆ, ಬೇಸರ ಬರುವುದಿಲ್ಲ.

ಕೊನೆಯದಾಗಿ ಪರೀಕ್ಷಕರ ಹಿತದ ಮಾತು. ಬೀಟಾ ಪರೀಕ್ಷಕರಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಮೊದಲು ಆಡಿದ ಸಂತೋಷವೇ ಪ್ರತಿಫಲ. ಆದರೆ ಅವರ ಆಟದ ದಾಖಲೆ ತಯಾರಕನ ಕೈ ಸೇರುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಪ್ರಕಾರ ಹದಿನೆಂಟು ತುಂಬದವರು ಮಕ್ಕಳು. ಅವರ ದತ್ತಾಂಶಕ್ಕೆ ತಂದೆತಾಯಿಗಳ ಪರಿಶೀಲಿಸಬಹುದಾದ ಸಮ್ಮತಿ ಬೇಕು, ಅವರ ನಡವಳಿಕೆಯ ಮೇಲೆ ಕಣ್ಣಿಡುವುದಕ್ಕೂ ನಿಷೇಧವಿದೆ. ಪಿ.ಯು.ಸಿ. ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ವಯಸ್ಸಿನವರೇ. ಆದುದರಿಂದ ನಮ್ಮ ದೃಷ್ಟಾಂತದ ವಿದ್ಯಾರ್ಥಿಗಳು ಪಕ್ಕದ ತರಗತಿಯ ಹುಡುಗರನ್ನು ಕರೆತರುವ ಮುನ್ನ, ಏನನ್ನು ದಾಖಲಿಸುತ್ತೇವೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ, ಯಾವಾಗ ಅಳಿಸುತ್ತೇವೆ ಎಂಬುದನ್ನು ಒಂದು ಹಾಳೆಯಲ್ಲಿ ತಿಳಿಗನ್ನಡದಲ್ಲಿ ಬರೆದು ಮನೆಗಳಿಗೆ ಕಳುಹಿಸಬೇಕು. ಆ ಹಾಳೆ ಹಿಡಿದು ಬಾಗಿಲಿಗೆ ಹೋದಾಗ, ಒಳಗೆ ಕವಡೆ ಬಿಟ್ಟು ಬೆಳೆದ ಅಜ್ಜಿಯೊಬ್ಬರಿದ್ದರೆ, ಹದಿಮೂರನೆಯ ಪರೀಕ್ಷಕರಾಗಿ ಅವರನ್ನೂ ಕೇಳಿಕೊಳ್ಳಬಹುದು.