ಬಾಣಂತಿಯ ರಕ್ತಸ್ರಾವ: ಅಂದಾಜು ಸಾಲದು, ಅಳತೆ ಬೇಕು



ಹೆರಿಗೆ ಮುಗಿದು ಕೂಸಿನ ಅಳು ಕೇಳಿಸಿದೊಡನೆ ಗಂಡಾಂತರ ಕಳೆಯಿತೆಂದು ಮನೆಮಂದಿ ಭಾವಿಸುವುದು ಸಹಜ. ಆದರೆ ತಾಯಿಯ ವಿಷಯದಲ್ಲಿ ಅತ್ಯಂತ ಎಚ್ಚರ ವಹಿಸಬೇಕಾದ ಹೊತ್ತು ಆರಂಭವಾಗುವುದೇ ಆಗ. ಮಾಸು ಹೊರಬಿದ್ದ ಬಳಿಕ ಗರ್ಭಕೋಶವು ಬಿಗಿಯಾಗಿ ಕುಗ್ಗಬೇಕು. ಕುಗ್ಗಿದರೆ ಮಾತ್ರ ಅಲ್ಲಿನ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಕುಗ್ಗದಿದ್ದರೆ ಆರೋಗ್ಯವಂತ ತಾಯಿಯೂ ಕೆಲವೇ ಗಂಟೆಗಳಲ್ಲಿ ಅಸುನೀಗಬಹುದು. ಬಡ ರಾಷ್ಟ್ರಗಳಲ್ಲಿ ತಾಯಂದಿರ ಮರಣಕ್ಕೆ ಪ್ರಮುಖ ಕಾರಣ ಈ ರಕ್ತಸ್ರಾವವೇ. ಇದನ್ನು ತಡೆಯುವ ದಾರಿಯೊಂದನ್ನು ಜಗತ್ತಿಗೆ ತೋರಿಸಿದ್ದರಲ್ಲಿ ನಮ್ಮ ಬೆಳಗಾವಿಯ ಪಾತ್ರ ದೊಡ್ಡದು.

1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು (ಕೆ.ಎಲ್.ಇ.) ಎಲ್ಲರೂ ಬಲ್ಲರು. ಆ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು, ವಿದೇಶದ ಸಂಶೋಧಕರೊಡಗೂಡಿ, 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿರಿಸಬೇಕು. ವಿದ್ಯುತ್ತಿಲ್ಲದ ಊರುಗಳಲ್ಲಿ ಅದು ಕಷ್ಟಸಾಧ್ಯ. ಆದುದರಿಂದ ಹೊರಗಿಟ್ಟರೂ ಕೆಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಆಯ್ದುಕೊಂಡು, ಆರೋಗ್ಯ ಸಹಾಯಕಿಯರ ಕೈಯಿಂದಲೇ ಅದನ್ನು ಕೊಡಿಸಿ ಪರೀಕ್ಷಿಸಿದರು. 1620 ತಾಯಂದಿರು ಪಾಲ್ಗೊಂಡಿದ್ದರು. ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಶೇ. 12ರಷ್ಟು ಮಂದಿಗೆ ಅತಿಸ್ರಾವವಾದರೆ, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಅದು ಶೇ. 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಇದೇ ಅಧ್ಯಯನಕ್ಕಾಗಿ ಸಿದ್ಧವಾದ ಇನ್ನೊಂದು ಸಾಧನವೂ ಅಷ್ಟೇ ಮಹತ್ತ್ವದ್ದು. ಅದೊಂದು ಪ್ಲಾಸ್ಟಿಕ್ ಹಾಳೆ. ಕೆಳತುದಿಯಲ್ಲಿ ಅಳತೆಯ ಗೆರೆಗಳುಳ್ಳ ಚೀಲ. ಕೂಸು ಹುಟ್ಟಿದೊಡನೆ ತಾಯಿಯ ಕೆಳಗೆ ಹಾಸಿದರೆ, ಹರಿದ ರಕ್ತವೆಷ್ಟೆಂಬುದು ಕಣ್ಣಿಗೆ ಕಾಣುತ್ತದೆ. ಬೆಳಗಾವಿಯಲ್ಲಿ ಹೋಲಿಸಿ ನೋಡಿದಾಗ, ಬರಿಗಣ್ಣಿನ ಅಂದಾಜು ಈ ಅಳತೆಗಿಂತ ಮೂರನೆಯ ಒಂದು ಪಾಲು ಕಡಿಮೆಯಿತ್ತು. ನುರಿತವರ ಕಣ್ಣೂ ಮೋಸಹೋಗುತ್ತದೆ ಎಂದಾಯಿತು. 2023ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳು ಇಂಥ ಅಳತೆಯ ಹಾಳೆಯನ್ನು ಬಳಸಿ, ಸ್ರಾವ ಮಿತಿಮೀರಿದೊಡನೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ನೀಡಿದವು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇ. 60ರಷ್ಟು ತಗ್ಗಿದವು.

ನಮ್ಮ ರಾಜ್ಯದಲ್ಲಿ 1 ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2001-03ರಲ್ಲಿ 228 ಇದ್ದದ್ದು 2018-20ರ ವೇಳೆಗೆ 69ಕ್ಕೆ ಇಳಿದಿದೆ. ಸಂತೋಷದ ಸಂಗತಿ. ಆದರೆ ಅದೇ ಅವಧಿಯಲ್ಲಿ ನೆರೆಯ ಕೇರಳದ ಸಂಖ್ಯೆ 19. ನಾವಿನ್ನೂ ಬಹುದೂರ ಸಾಗಬೇಕಿದೆ.

ಇದರಲ್ಲಿ ಮನೆಯವರ ಪಾಲೂ ಇದೆ. ರಕ್ತಹೀನತೆಯುಳ್ಳ ತಾಯಿ ಅಲ್ಪ ಸ್ರಾವವನ್ನೂ ತಾಳಲಾರಳು. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು; ಕಬ್ಬಿಣಾಂಶದ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿಸಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ಎದೆಹಾಲೂಡಿಸಿದರೆ ಗರ್ಭಕೋಶ ಕುಗ್ಗಲೂ ನೆರವಾಗುತ್ತದೆ. ಜೇನು, ಸಕ್ಕರೆ ನೀರು ಬೇಡ. ಹೆರಿಗೆಯ ನಂತರ 48 ಗಂಟೆ ಆಸ್ಪತ್ರೆಯಲ್ಲಿಯೇ ಇರುವುದು ಕ್ಷೇಮ. ಮನೆಗೆ ಬಂದ ಮೇಲೂ ಬಟ್ಟೆ ಒಂದೇ ಗಂಟೆಯಲ್ಲಿ ತೊಯ್ದುಹೋದರೆ, ತಲೆಸುತ್ತು, ಬಿಳಿಚಿಕೊಳ್ಳುವಿಕೆ, ಎದೆಬಡಿತದ ಏರಿಕೆ ಕಂಡರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿರಿ.

ಬಸವಾದಿ ಶರಣರು ಜನನಸೂತಕವನ್ನು ನಿರಾಕರಿಸಿದರು. ಆದರೂ ಬಾಣಂತಿಯನ್ನು ಕತ್ತಲೆಯ ಕೋಣೆಯಲ್ಲಿ ಒಂಟಿಯಾಗಿರಿಸಿ, ನೀರು ಆಹಾರಗಳನ್ನು ಕಟ್ಟುಮಾಡುವ ರೂಢಿ ಕೆಲವು ಮನೆಗಳಲ್ಲಿ ಉಳಿದಿದೆ. ಯಾರೂ ಸುಳಿಯದ ಕೋಣೆಯಲ್ಲಿ ರಕ್ತಸ್ರಾವವನ್ನು ಗುರುತಿಸುವವರು ಯಾರು? ಸೂತಕವಿಲ್ಲವೆಂಬ ಮಾತು ಬಾಣಂತಿಯ ಹಾಸಿಗೆಯ ಬಳಿ ಆಚರಣೆಗೆ ಬರಬೇಕು.

ಯಲಹಂಕ, ಹೆಬ್ಬಾಳದ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದ ಕುಟುಂಬಗಳು ದುಡಿಯುತ್ತಿವೆ. ಊರಿನಲ್ಲಿ ಪಡೆದ ತಾಯಿ ಕಾರ್ಡ್ ಎಷ್ಟೋ ಬಾರಿ ಅಲ್ಲಿಯೇ ಉಳಿಯುತ್ತದೆ. ಇಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ತಿಳಿಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಅಗತ್ಯವಾದಾಗ ರಕ್ತ ಎಲ್ಲವೂ ಉಚಿತ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ವಿಶೇಷ ತಪಾಸಣೆಯೂ ನಡೆಯುತ್ತದೆ. ನಿಮ್ಮ ಬೀದಿಯಲ್ಲಿ ಇಂಥ ಗರ್ಭಿಣಿಯೊಬ್ಬಳು ಕಂಡುಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಆಕೆಯ ರಕ್ತದ ಗುಂಪನ್ನು ಬರೆದಿಡಲು ನೆರವಾಗಿರಿ. ಸಾಧ್ಯವಾದವರು ರಕ್ತದಾನ ಮಾಡಿರಿ. ತಾಯಿಯೊಬ್ಬಳ ಜೀವವುಳಿಸುವ ಇಂಥ ನೆರವನ್ನೂ ನಾವು ದಾಸೋಹವೆಂದೇ ಭಾವಿಸುತ್ತೇವೆ.