ಬಸ್ಸಿನಲ್ಲಿ ನಮ್ಮ ಮಕ್ಕಳು



ಪ್ರೈಮರಿ ಶಾಲೆ ಸಾಮಾನ್ಯವಾಗಿ ಊರಲ್ಲೇ ಇರುತ್ತದೆ. ಹೈಸ್ಕೂಲು, ಕಾಲೇಜು ಹಲವು ಊರುಗಳಿಗೆ ದೂರ. ಯಗಟಿ, ಸಿಂಗಟಗೆರೆ ಕಡೆಯಿಂದ ಮಕ್ಕಳು ಕಡೂರಿಗೆ ಓದಲು ಬರುತ್ತಾರೆ. ಲಕ್ಕವಳ್ಳಿ, ಲಿಂಗದಹಳ್ಳಿ ಕಡೆಯಿಂದ ತರೀಕೆರೆಗೆ ಬರುತ್ತಾರೆ. ಶಿವನಿ ಕಡೆಯಿಂದ ಅಜ್ಜಂಪುರಕ್ಕೆ ಬರುತ್ತಾರೆ. ಹೆಚ್ಚಿನ ಮಕ್ಕಳಿಗೆ ಸರ್ಕಾರಿ ಬಸ್ಸೇ ಗತಿ.

ಆ ಬಸ್ಸಿನಲ್ಲಿ ಏನೇನು ನಡೆಯುತ್ತದೆ? ಸೀಟಿಗಾಗಿ ನೂಕಾಟ. ಬ್ಯಾಗು ಎಸೆದು ಜಾಗ ಹಿಡಿಯೋದು. ಕಿಟಕಿಯಿಂದ ಕೈ ಹೊರಗೆ ಹಾಕೋದು. ದೊಡ್ಡ ಹುಡುಗರು ಬಾಗಿಲಲ್ಲಿ ನೇತಾಡುತ್ತಾರೆ. "ಒಳಗೆ ಬನ್ರೋ" ಅಂತ ಕಂಡಕ್ಟರ್ ಕೂಗಿ ಕೂಗಿ ಸುಸ್ತಾಗುತ್ತಾರೆ.

"ಬಸ್ಸಿನಲ್ಲಿ ಆಗೋದಕ್ಕೆ ನಾವೇನು ಮಾಡೋಕಾಗುತ್ತೆ?" ಅಂತ ನೀವು ಕೇಳಬಹುದು. ತುಂಬಾ ಮಾಡಬಹುದು. ಅದನ್ನೇ ಇಲ್ಲಿ ಹೇಳುತ್ತೇವೆ.

ಬಾಗಿಲಲ್ಲಿ ನಿಂತರೆ ಏನಾಗುತ್ತದೆ?

ಬಸ್ಸು ತಿರುವಿನಲ್ಲಿ ಎಡಕ್ಕೆ ತಿರುಗಿದರೆ ನಮ್ಮ ಮೈ ಬಲಕ್ಕೆ ವಾಲುತ್ತದೆ. ಬಲಕ್ಕೆ ತಿರುಗಿದರೆ ಎಡಕ್ಕೆ ವಾಲುತ್ತದೆ. ಬಸ್ಸಿನ ಬಾಗಿಲು ಎಡಗಡೆ ಇರುತ್ತದೆ. ಒಳಗೆ ನಿಂತವರು ಪಕ್ಕದವರ ಮೇಲೆ ಬೀಳುತ್ತಾರೆ. ಬಾಗಿಲಲ್ಲಿ ನಿಂತವರು ರಸ್ತೆಗೇ ಬೀಳುತ್ತಾರೆ. ಕೈ ಜಾರಿದರೆ ಚಕ್ರ ಹತ್ತಿರದಲ್ಲೇ ಇರುತ್ತದೆ.

ಇದು ಕಾನೂನಿಗೂ ವಿರುದ್ಧ. 1988ರ ಮೋಟಾರು ವಾಹನ ಕಾಯ್ದೆ ಇದೆ. ಅದರ 123ನೇ ಕಲಂ ಪ್ರಕಾರ ಫುಟ್‌ಬೋರ್ಡ್ ಮೇಲೆ, ಬಸ್ಸಿನ ಮೇಲೆ ಕೂತು ಅಥವಾ ನಿಂತು ಹೋಗಬಾರದು. ಹಾಗೆ ಕರೆದುಕೊಂಡು ಹೋಗುವುದೂ ತಪ್ಪು.

ಡ್ರೈವರ್ ಹತ್ತಿರ ಗಲಾಟೆ ಬೇಡ

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ಗಲಾಟೆ ಕೇಳಿ ಡ್ರೈವರ್ ಎರಡು ಸೆಕೆಂಡು ಹಿಂದೆ ತಿರುಗಿದರು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಬಸ್ಸು 22 ಮೀಟರ್ ದಾಟಿತು. ಎದುರಿಗೆ ದನ ಬಂದರೆ? ಸೈಕಲ್ ಬಂದರೆ?

ಇಳಿದ ಮೇಲೂ ಎಚ್ಚರ ಬೇಕು. ಮಕ್ಕಳು ಬಸ್ಸಿನ ಮುಂದೆಯೇ ಓಡಿ ರಸ್ತೆ ದಾಟುತ್ತಾರೆ. ಡ್ರೈವರ್ ಎತ್ತರದಲ್ಲಿ ಕೂತಿರುತ್ತಾರೆ. ಬಸ್ಸಿಗೆ ಅಂಟಿಕೊಂಡು ನಡೆಯುವ ಪುಟ್ಟ ಮಗು ಅವರಿಗೆ ಕಾಣುವುದಿಲ್ಲ. ಪಕ್ಕದಿಂದ ಬರುವ ಲಾರಿ ಮಗುವಿಗೂ ಕಾಣುವುದಿಲ್ಲ. ಬಸ್ಸು ಹೋದ ಮೇಲೆ ಎರಡೂ ಕಡೆ ನೋಡಿ ದಾಟಬೇಕು.

ಮನೆಯಲ್ಲಿ ನಾವು ಮಾಡಬೇಕಾದ್ದು

ಮಗುವನ್ನು ಬಸ್ಸಿಗೆ ಹತ್ತು ನಿಮಿಷ ಮುಂಚೆ ಕಳಿಸಿ. ತಡವಾದ ಮಗುವೇ ಓಡುವ ಬಸ್ಸನ್ನು ಹತ್ತುತ್ತದೆ. ರಾತ್ರಿಯೇ ಬ್ಯಾಗು, ಪಾಸು ಜೋಡಿಸಿಡಿ.

ಸಾಯಂಕಾಲ ಮಗು ಬಂದ ಮೇಲೆ "ಬಸ್ಸಿನಲ್ಲಿ ಇವತ್ತು ಹೇಗಿತ್ತು?" ಅಂತ ಕೇಳಿ. ಬೈಯದೆ ಕೇಳಿ. ಬೈದರೆ ನಾಳೆ ಹೇಳೋದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ದುಡ್ಡು ಉಳಿಯಿತು. ಆದರೆ ಬೆಳಗಿನ ಬಸ್ಸಿನಲ್ಲಿ ಶಾಲೆಯ ಮಕ್ಕಳಿಗೆ ಜಾಗ ಬೇಕು. ಸಂತೆಗೆ, ನೆಂಟರ ಮನೆಗೆ ಹೋಗುವವರು ಆದರೆ ಮುಂದಿನ ಬಸ್ಸಿಗೆ ಹೋಗೋಣ.

ಶಾಲೆಯವರು ಮಾಡಬೇಕಾದ್ದು

ಒಂದೊಂದು ಊರಿನಿಂದ ಇಬ್ಬರು ದೊಡ್ಡ ಮಕ್ಕಳನ್ನು ಬಸ್ಸಿನ ನಾಯಕರಾಗಿ ಮಾಡಬಹುದು. ಒಬ್ಬ ಹುಡುಗಿ, ಒಬ್ಬ ಹುಡುಗ. ಚಿಕ್ಕವರನ್ನು ಮೊದಲು ಹತ್ತಿಸುವುದು, ಒಳಗೆ ಕೂರಿಸುವುದು ಅವರ ಕೆಲಸ. ತಿಂಗಳಿಗೊಮ್ಮೆ ನಾಯಕರು ಬದಲಾಗಬೇಕು. ಬಾಗಿಲಲ್ಲಿ ನೇತಾಡುವ ಹುಡುಗನಿಗೂ ಒಂದು ಸಲ ಈ ಕೆಲಸ ಕೊಡಿ. ಜವಾಬ್ದಾರಿ ಬಂದರೆ ಅವನೇ ಬೇರೆಯವರನ್ನು ಒಳಗೆ ಕರೆಯುತ್ತಾನೆ.

ತಪ್ಪು ಮಾಡಿದ ಮಗುವನ್ನು ಹೊಡೆಯಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ನಡುದಾರಿಯಲ್ಲಿ ಬಸ್ಸಿನಿಂದ ಇಳಿಸುವುದೂ ಬೇಡ. ತಾಯಿ, ಮೇಷ್ಟ್ರು, ಕಂಡಕ್ಟರ್ ಮೂವರೂ ಒಂದೇ ಮಾತು ಹೇಳಿದರೆ ಮಗು ಕೇಳುತ್ತದೆ. ಮೂವರು ಮೂರು ಮಾತು ಹೇಳಿದರೆ ಯಾರ ಮಾತೂ ಕೇಳುವುದಿಲ್ಲ.

ಹುಡುಗಿಯ ಓದು ನಿಲ್ಲಬಾರದು

ಬಸ್ಸಿನಲ್ಲಿ ಕೆಲವರು ಹುಡುಗಿಯರಿಗೆ ಕೀಟಲೆ ಮಾಡುತ್ತಾರೆ. ಮೈ ತಾಗಿಸುತ್ತಾರೆ. ಮಗಳು ಬಂದು ಅಳುತ್ತಾಳೆ. "ಸಾಕು, ಇನ್ನು ಶಾಲೆ ಬೇಡ" ಅಂತ ಮನೆಯಲ್ಲಿ ಹೇಳುತ್ತಾರೆ. ತಪ್ಪು ಮಾಡಿದವನು ಬಸ್ಸಿನಲ್ಲೇ ಇರುತ್ತಾನೆ. ತಪ್ಪು ಮಾಡದವಳು ಮನೆಯಲ್ಲಿ ಕೂರುತ್ತಾಳೆ. ಇದು ಯಾವ ನ್ಯಾಯ?

ಮಗಳ ಮಾತು ನಂಬಿ. ಶಾಲೆಗೆ ತಿಳಿಸಿ. ಕಂಡಕ್ಟರ್‌ಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅಪಾಯದ ಹೊತ್ತಿನಲ್ಲಿ 112ಕ್ಕೆ ಮಾಡಿ. ಮಕ್ಕಳ ಮೇಲೆ ಲೈಂಗಿಕ ಕಿರುಕುಳ ತಡೆಯಲು 2012ರ ಪೋಕ್ಸೋ ಕಾಯ್ದೆ ಇದೆ. ಅದು ಹುಡುಗಿಯರನ್ನೂ ಹುಡುಗರನ್ನೂ ಕಾಯುತ್ತದೆ.

ಹಳದಿ ಬಸ್ಸಿಗೂ ನಿಯಮ ಇದೆ

ಕೆಲವು ಮಕ್ಕಳು ಖಾಸಗಿ ಶಾಲೆಯ ಹಳದಿ ಬಸ್ಸಿನಲ್ಲಿ ಹೋಗುತ್ತಾರೆ. ಆ ಬಸ್ಸಿನ ನಿಯಮಗಳ ಹಿಂದೆ ಒಂದು ದುಃಖದ ಕಥೆ ಇದೆ. 1997ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಶಾಲೆಯ ಬಸ್ಸೊಂದು ಯಮುನಾ ನದಿಗೆ ಬಿತ್ತು. ಹಲವು ಮಕ್ಕಳು ಸತ್ತರು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ದೆಹಲಿಯ ಶಾಲಾ ಬಸ್ಸುಗಳಿಗೆ ಆದೇಶ ಕೊಟ್ಟಿತು. ಡ್ರೈವರ್‌ಗೆ ದೊಡ್ಡ ಗಾಡಿ ಓಡಿಸಿ ಕನಿಷ್ಠ 5 ವರ್ಷ ಅನುಭವ ಇರಬೇಕು. ಮಕ್ಕಳನ್ನು ನೋಡಿಕೊಳ್ಳಲು ಬಸ್ಸಿನಲ್ಲಿ ಒಬ್ಬರು ಇರಬೇಕು. ಕರ್ನಾಟಕದಲ್ಲೂ 2012ರಲ್ಲಿ ಶಾಲಾ ವಾಹನಗಳಿಗೆ ನಿಯಮ ಬಂತು. "ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳೋರು ಯಾರು?" ಅಂತ ಶಾಲೆಯವರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

ಜಾಗವೇ ಇಲ್ಲದಿದ್ದರೆ?

ಕೆಲವು ಹುಡುಗರು ಮೋಜಿಗೆ ನೇತಾಡುತ್ತಾರೆ. ಅವರಿಗೆ ಬುದ್ಧಿ ಹೇಳೋಣ. ಆದರೆ ಒಳಗೆ ಕಾಲಿಡಲು ಜಾಗ ಇಲ್ಲದೆ ನೇತಾಡುವವರೂ ಇದ್ದಾರೆ. ಅವರಿಗೆ ಬುದ್ಧಿ ಹೇಳಿ ಏನು ಪ್ರಯೋಜನ? ಅವರಿಗೆ ಬೇಕಾದ್ದು ಇನ್ನೊಂದು ಬಸ್ಸು.

ಬಸ್ಸು ಕೇಳಲು ಅರ್ಜಿ ಬರೆಯಬೇಕು. ಈಗ ನಿಮಗೆ ಬರೆಯಲು ಬರುತ್ತದೆ. ನೀವೇ ಬರೆಯಿರಿ. ಅರ್ಜಿ ಹೀಗಿರಲಿ:

ಇವರಿಗೆ,
ಡಿಪೋ ಮ್ಯಾನೇಜರ್,
ಕೆ.ಎಸ್.ಆರ್.ಟಿ.ಸಿ., ಕಡೂರು.

ವಿಷಯ: ಶಾಲೆಯ ಹೊತ್ತಿಗೆ ಇನ್ನೊಂದು ಬಸ್ಸು ಬಿಡುವ ಬಗ್ಗೆ.

ಮಾನ್ಯರೇ,

ನಮ್ಮ ಊರು ............. . ನಮ್ಮ ಊರಿನಿಂದ ............. ಮಕ್ಕಳು ಬೆಳಿಗ್ಗೆ ............. ಗಂಟೆಯ ಬಸ್ಸಿಗೆ ಶಾಲೆಗೆ ಹೋಗುತ್ತಾರೆ. ಬಸ್ಸು ತುಂಬಿ ಬರುತ್ತದೆ. ಮಕ್ಕಳು ಬಾಗಿಲಲ್ಲಿ ನಿಲ್ಲುತ್ತಾರೆ. ಇದು ಅಪಾಯ. ದಯವಿಟ್ಟು ಆ ಹೊತ್ತಿಗೆ ಇನ್ನೊಂದು ಬಸ್ಸು ಬಿಡಬೇಕೆಂದು ಕೇಳುತ್ತೇವೆ.

ಇಂತಿ,
ಊರಿನ ತಾಯಂದಿರು
(ಎಲ್ಲರ ಸಹಿ)

ಎಷ್ಟು ಮಕ್ಕಳು ಹೋಗುತ್ತಾರೆ ಎಂದು ಮನೆ ಮನೆಗೆ ಹೋಗಿ ಎಣಿಸಿ. ಸರಿಯಾದ ಲೆಕ್ಕ ಬರೆಯಿರಿ. ಒಬ್ಬರ ಸಹಿಗಿಂತ ಇಪ್ಪತ್ತು ಜನರ ಸಹಿಗೆ ಬೆಲೆ ಹೆಚ್ಚು. ಅರ್ಜಿಯ ಇನ್ನೊಂದು ಪ್ರತಿಯನ್ನು ಪಂಚಾಯ್ತಿಗೆ ಕೊಡಿ. ಮತ್ತೊಂದು ಪ್ರತಿಗೆ ಡಿಪೋದಲ್ಲಿ ಸೀಲು ಹಾಕಿಸಿ, ನಿಮ್ಮ ಹತ್ತಿರ ಇಟ್ಟುಕೊಳ್ಳಿ. ತಿಂಗಳು ಕಳೆದರೂ ಉತ್ತರ ಬರದಿದ್ದರೆ ಆ ಪ್ರತಿ ಹಿಡಿದು ಮತ್ತೆ ಹೋಗಿ ಕೇಳಿ.

ಮಾತಾಡೋಣ, ಬರೆಯೋಣ

1. ನಿಮ್ಮ ಊರಿನಿಂದ ಬಸ್ಸಿನಲ್ಲಿ ಓದಲು ಹೋಗುವ ಹುಡುಗಿಯರು ಎಷ್ಟು? ಹುಡುಗರು ಎಷ್ಟು?

2. ಬಸ್ಸಿನ ತೊಂದರೆಯಿಂದ ಓದು ಬಿಟ್ಟ ಹುಡುಗಿ ನಿಮ್ಮ ಊರಲ್ಲಿ ಇದ್ದಾಳೆಯೇ? ಅವಳನ್ನು ಮತ್ತೆ ಕಳಿಸಲು ಏನು ಮಾಡಬಹುದು?

3. ಮೇಲಿನ ಅರ್ಜಿಯಲ್ಲಿ ನಿಮ್ಮ ಊರಿನ ಹೆಸರು, ಮಕ್ಕಳ ಲೆಕ್ಕ, ಬಸ್ಸಿನ ಸಮಯ ತುಂಬಿ. ಕೆಳಗೆ ನಿಮ್ಮ ಸಹಿ ಮಾಡಿ.